ಹಳೆಯ ಗುದ್ದಲಿ ಕೊಳ್ಳಿ, ಕುಡುಗೋಲು ಮಾತ್ರ ಹೊಸದಿರಲಿ

ಅಟ್ಟದ ಮೇಲಿರುವ ತಾತನ ಗುದ್ದಲಿಯನ್ನು ಇಳಿಸಿ ಬಳಸಬಹುದೇ? ಗುಜರಿಯಲ್ಲಿ ಕಂಡ ಹಳೆಯ ಮಚ್ಚಿಗೆ ದುಡ್ಡು ಕೊಡಬಹುದೇ? ಅಥವಾ ಸುಮ್ಮನೆ ಅಂಗಡಿಗೆ ಹೋಗಿ ಹೊಸದನ್ನು ತರುವುದೇ ಮೇಲೇ? ಮೈಸೂರಿನ ಹೊರವಲಯದಲ್ಲಿ ನಿವೇಶನ ಕೊಂಡು ನಾಲ್ಕು ಗಿಡ ನೆಡುವವರಿಂದ ಹಿಡಿದು ಮಂಡ್ಯದ ಕಡೆ ಅಪ್ಪನ ಜಮೀನಿಗೆ ಮರಳಿದವರವರೆಗೆ ಹಲವರು ಕೇಳುವ ಪ್ರಶ್ನೆ ಇದು. ಹಳೆಯದೆಲ್ಲ ಚಿನ್ನ ಎಂದು ನಂಬಿದವರು ಒಂದು ಕಡೆ, ತುಕ್ಕು ಕಂಡರೆ ಮೂಗು ಮುರಿಯುವವರು ಇನ್ನೊಂದು ಕಡೆ. ಇಬ್ಬರೂ ಸಲಕರಣೆಯ ವಯಸ್ಸನ್ನು ನೋಡುತ್ತಾರೆಯೇ ಹೊರತು ಅದರ ಕೆಲಸವನ್ನಲ್ಲ.

ನನ್ನ ಲೆಕ್ಕ ಸರಳ. ತೂಕದಿಂದ ಕೆಲಸ ಮಾಡುವ ಸಲಕರಣೆ ಹಳೆಯದಾದರೂ ಸರಿ, ಎಷ್ಟೋ ಸಲ ಹಳೆಯದೇ ಮೇಲು. ಹರಿತದಿಂದ ಕೆಲಸ ಮಾಡುವುದು ಹೊಸದೇ ಇರಲಿ. ಹಾರೆ, ಪಿಕಾಸಿ, ಗುದ್ದಲಿ ಮೊದಲ ಗುಂಪಿಗೆ ಸೇರುತ್ತವೆ. ಕುಡುಗೋಲು ಎರಡನೆಯದಕ್ಕೆ. ಮಚ್ಚು, ಕೊಡಲಿಗಳು ನಡುವೆ ನಿಂತು ತಲೆ ತಿನ್ನುತ್ತವೆ. ಎತ್ತು ಕಟ್ಟಿ ಬಳಸುವ ಮರದ ಕೂರಿಗೆ, ನೊಗ, ಹಲುಬೆಗಳ ಮಾತೇ ಬೇರೆ, ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಉಕ್ಕಿನ ವಿಷಯ

ಹಳೆಯ ಹತಾರದಲ್ಲಿ ಕೊಳ್ಳಬೇಕಾದದ್ದು ಅದರ ಬಾಯಿಯಲ್ಲಿ ಉಳಿದಿರುವ ಉಕ್ಕನ್ನು. ಉಳಿದದ್ದೆಲ್ಲ ಬರಿಯ ಕಬ್ಬಿಣ. ಹಿಂದೆ ಉಕ್ಕು ದುಬಾರಿಯಾಗಿತ್ತು. ಆದ್ದರಿಂದ ಆಚಾರಿ ಇಡೀ ಅಲಗನ್ನು ಮೆದು ಕಬ್ಬಿಣದಲ್ಲಿ ಬಡಿದು, ಬಾಯಿಗೆ ಮಾತ್ರ ಒಂದು ಪಟ್ಟಿ ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ ಬೆಸೆಯುತ್ತಿದ್ದ. ಮೈ ಮೆದುವಾದ್ದರಿಂದ ಕಲ್ಲಿಗೆ ತಗುಲಿದರೂ ಮುರಿಯದು, ಬಾಯಿ ಗಡುಸಾದ್ದರಿಂದ ಬೇಗ ಮೊಂಡಾಗದು. ಒಳ್ಳೆಯ ಜೋಡಿ, ಆದರೆ ಆಯುಸ್ಸು ಆ ಪಟ್ಟಿ ಇರುವಷ್ಟೇ. ಸವೆದ ಬಾಯಿಯನ್ನು ಮತ್ತೆ ಮತ್ತೆ ಬಡಿಸಿ ಹಣಿಸಿದ ಹಾಗೆಲ್ಲ ಪಟ್ಟಿ ಕರಗುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಗುದ್ದಲಿಯ ಆಕಾರದ ಮೆದು ಕಬ್ಬಿಣ. ಅದನ್ನು ಎಷ್ಟು ಮಸೆದರೂ ಅರ್ಧ ಗಂಟೆಯ ಕೆಲಸಕ್ಕೆ ಬಾಯಿ ಮಡಚಿಕೊಳ್ಳುತ್ತದೆ.

ಇದಕ್ಕೆ ಕಾರಣ ಇಂಗಾಲ. ಆಚಾರಿ ಮೈಗೆ ಬಳಸುತ್ತಿದ್ದ ಮೆದು ಕಬ್ಬಿಣದಲ್ಲಿ, ಅಂದರೆ ಹಳೆಯ ನಾರು ಕಬ್ಬಿಣದಲ್ಲಿ, ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಈಗಿನ ಸಾಧಾರಣ ಕಬ್ಬಿಣದ ಸರಳು, ತಗಡುಗಳಲ್ಲಿ ಶೇಕಡಾ 0.2ರ ಆಸುಪಾಸು. ಇಷ್ಟು ಕಡಿಮೆ ಇಂಗಾಲವಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಹದ, ಅಂದರೆ ಗಡಸುತನ, ಏರುವುದಿಲ್ಲ. ಲಾರಿಯ ಕಮಾನು ಪಟ್ಟಿಯಲ್ಲಿ (ಸ್ಪ್ರಿಂಗ್ ಪಟ್ಟಿ) ಅದು ಶೇಕಡಾ 0.5ರಿಂದ 0.6ರವರೆಗೆ ಇರುತ್ತದೆ. ಹಾಗಾಗಿಯೇ ಹಳೆಯ ಲಾರಿಗಳ ಪಟ್ಟಿ ಸಿಗತೊಡಗಿದ ಮೇಲೆ ಹಳ್ಳಿಯ ಕುಲುಮೆಗಳು ಉಕ್ಕು ಬೆಸೆಯುವ ಗೋಜನ್ನು ಬಹುಮಟ್ಟಿಗೆ ಬಿಟ್ಟು, ಪಟ್ಟಿಯನ್ನೇ ಕತ್ತರಿಸಿ ಇಡೀ ಅಲಗು ಮಾಡತೊಡಗಿದವು. ‘ಹಳೆಯ ಕಾಲದ ಹದ ಈಗೆಲ್ಲಿ’ ಎಂದು ನಿಟ್ಟುಸಿರಿಡುವವರು ಇದನ್ನು ಗಮನಿಸಬೇಕು: ಪಟ್ಟಿಯಿಂದ ಮಾಡಿ, ಸರಿಯಾಗಿ ಹದ ಹಾಕಿದ ಇಂದಿನ ಮಚ್ಚು, ಉಕ್ಕು ಸವೆದ ಅಜ್ಜನ ಕಾಲದ ಮಚ್ಚಿಗಿಂತ ಎಲ್ಲ ರೀತಿಯಲ್ಲೂ ಮೇಲು.

ಉಕ್ಕು ಉಳಿದಿದೆಯೋ ಇಲ್ಲವೋ ತಿಳಿಯುವುದು ಕಷ್ಟವಲ್ಲ. ಲೋಹ ತೀಡುವ ಒಂದು ಸಣ್ಣ ಅರ (ಫೈಲ್) ಜೇಬಿನಲ್ಲಿರಲಿ. ಬಾಯಿಯ ಮೇಲೆ ಒಮ್ಮೆ ಎಳೆಯಿರಿ. ಅರ ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಉಕ್ಕು ಹೋಗಿದೆ, ಇಲ್ಲವೇ ಬೆಂಕಿಗೆ ಬಿದ್ದು ಹದ ಸತ್ತಿದೆ. ಸ್ವಲ್ಪ ತಡೆದು ಕಚ್ಚಿದರೆ ಗುದ್ದಲಿಗೆ ಸರಿಯಾದ ಹದ. ಕಚ್ಚದೆ ಜಾರಿದರೆ ತೀರಾ ಗಡುಸು, ಕಲ್ಲಿಗೆ ತಗುಲಿದಾಗ ಚೂರು ಹಾರುವ ಸಂಭವವಿದೆ. ಮನೆಗೆ ತಂದ ಮೇಲೆ ಇನ್ನೊಂದು ಪರೀಕ್ಷೆ ಮಾಡಬಹುದು. ಬಾಯಿಯ ಹತ್ತಿರ ಎರಡು ಬೆರಳಗಲ ತುಕ್ಕು ತೆಗೆದು, ಚೆನ್ನಾಗಿ ಉಜ್ಜಿ, ವಿನೆಗರ್ ಸವರಿಡಿ. ಉಕ್ಕಿನ ಭಾಗ ಹೆಚ್ಚು ಕಪ್ಪಾಗುತ್ತದೆ, ಕಬ್ಬಿಣದ ಭಾಗ ಬೂದು ಬಣ್ಣದಲ್ಲೇ ಉಳಿಯುತ್ತದೆ, ನಡುವೆ ಗೆರೆ ಕಾಣುತ್ತದೆ. ನಿಜವಾದ ನಾರು ಕಬ್ಬಿಣವಾಗಿದ್ದರೆ ಮೈಯಲ್ಲಿ ಮರದ ಎಳೆಗಳಂತಹ ಗೀರುಗಳೂ ಎದ್ದು ಬರುತ್ತವೆ. ಗೆರೆಯಿಂದ ಬಾಯಿಯವರೆಗೆ ಒಂದು ಬೆರಳಗಲವಾದರೂ ಉಕ್ಕಿದ್ದರೆ ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ.

ಬಿರುಕಿಗೆ ಕಿವಿಯೇ ಸಾಕು. ಕಾವು, ಅಂದರೆ ಮರದ ಹಿಡಿ, ತೆಗೆದ ಅಲಗನ್ನು ಒಂದು ದಾರಕ್ಕೆ ತೂಗುಹಾಕಿ ಸಣ್ಣ ಕಲ್ಲಿನಿಂದ ತಟ್ಟಿ. ಗಂಟೆಯ ನಾದದಂತೆ ಎಳೆದು ನಿಂತರೆ ಸರಿ, ಒಡಕು ದನಿ ಬಂದರೆ ಅಲ್ಲೇ ಇಟ್ಟು ಬನ್ನಿ. ಬಣ್ಣ ಬಳಿದು ಮಾರುವ ಹಳೆಯ ಸಾಮಾನಿನ ಬಗ್ಗೆ ನನಗೆ ಯಾವಾಗಲೂ ಅನುಮಾನ. ಕಪ್ಪು ಬಣ್ಣದಡಿ ಬಿರುಕು, ಬೆಸುಗೆ ಎರಡೂ ಅಡಗುತ್ತವೆ.

ಗುದ್ದಲಿ ಮತ್ತು ಸನಿಕೆ

ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದಾದ ಹತಾರ ಗುದ್ದಲಿ. ಗುಜರಿಯಲ್ಲಿ, ಸಂತೆಯಲ್ಲಿ, ಅಟ್ಟದಲ್ಲಿ ಸಿಗುವವನ್ನು ಮೂರು ಬಗೆಯಾಗಿ ನೋಡಬಹುದು.

ಒಂದು, ಊರಿನ ಕುಲುಮೆಯಲ್ಲಿ ಹುಟ್ಟಿದ್ದು. ಕಾವು ತೂರಿಸುವ ಕಣ್ಣನ್ನು ಪಟ್ಟಿ ಬಗ್ಗಿಸಿ ಮಾಡಿರುತ್ತಾರೆ, ಅಲಗಿನ ಹಿಂಬದಿಯಲ್ಲಿ ಬೆಸೆದ ಇಲ್ಲವೇ ರಿವಿಟ್ ಹೊಡೆದ ಗುರುತು ಕಾಣುತ್ತದೆ. ಸುತ್ತಿಗೆಯ ಪೆಟ್ಟಿನ ಉಬ್ಬುತಗ್ಗು ಇರುತ್ತದೆ, ಎರಡು ಒಂದೇ ಅಳತೆಯಲ್ಲಿ ಇರುವುದಿಲ್ಲ. ಇದರ ಗುಣ, ಆ ಊರಿನ ಮಣ್ಣಿಗೆ ತಕ್ಕಂತೆ ಮಾಡಿರುವುದು. ಇದರ ದೋಷ, ಕಣ್ಣು. ವರ್ಷಗಟ್ಟಲೆ ಅಗೆದ ಮೇಲೆ ಕಣ್ಣು ಹಿಗ್ಗಿ ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಮೊಳೆ, ತಗಡು, ಹಳೆಯ ರಬ್ಬರ್ ತುರುಕಿ ಹೇಗೋ ದಿನ ದೂಡಿರುತ್ತಾರೆ. ಅವೆಲ್ಲವನ್ನು ಕಿತ್ತು ಖಾಲಿ ಕಣ್ಣನ್ನು ನೋಡದೆ ದುಡ್ಡು ಕೊಡಬೇಡಿ. ಹಿಂಬದಿಯಲ್ಲಿ ಸೀಳಿದ್ದರೆ ಅದನ್ನು ಸರಿಪಡಿಸುವ ಕೂಲಿಗೆ ಹೊಸ ಗುದ್ದಲಿಯೇ ಬರುತ್ತದೆ.

ಎರಡು, ನಮ್ಮ ಕಾರ್ಖಾನೆಗಳದ್ದು. ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದ ಮೇಲೆ ಈ ಸೀಮೆಯಲ್ಲೇ ಕಬ್ಬಿಣ ಸಿಗುವಂತಾಯಿತು. ಹಾಸನದ ಮೈಸೂರು ಇಂಪ್ಲಿಮೆಂಟ್ಸ್ ಫ್ಯಾಕ್ಟರಿಯಂತಹ ಕಡೆ ಕೃಷಿ ಸಲಕರಣೆಗಳು ತಯಾರಾದವು, ಟಾಟಾ ಅಗ್ರಿಕೊ ಸಾಮಾನು ದೇಶದ ಎಲ್ಲೆಡೆಗೂ ಹೋಯಿತು. ಒಂದೇ ಅಳತೆ, ಒಂದೇ ತೂಕ, ಅಚ್ಚಿನಲ್ಲಿ ಒತ್ತಿದ ಕಣ್ಣು. ಅಲಗು ಪೂರ್ತಿ ಒಂದೇ ಉಕ್ಕು, ಆದ್ದರಿಂದ ಎಷ್ಟು ಸವೆದರೂ ಬಾಯಿಯ ಗುಣ ಬದಲಾಗುವುದಿಲ್ಲ. ಹಳೆಯದನ್ನೇ ಬಳಸಿ ನಿಜವಾಗಿ ದುಡಿಯಬೇಕೆಂದಿರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ನೋಡಲು ಸೊಗಸಿಲ್ಲ, ಹಾಗಾಗಿ ಹಳೆಯ ಸಾಮಾನು ಸಂಗ್ರಹಿಸುವವರ ಕಣ್ಣಿಗೆ ಬೀಳುವುದಿಲ್ಲ, ಬೆಲೆಯೂ ತೂಕದ ಲೆಕ್ಕದಲ್ಲೇ ನಿಲ್ಲುತ್ತದೆ.

ಮೂರು, ಇಂಗ್ಲೆಂಡಿನಿಂದ ಬಂದದ್ದು. ವುಲ್ವರ್‌ಹ್ಯಾಂಪ್ಟನ್ನಿನ ಚಿಲ್ಲಿಂಗ್‌ಟನ್ ಕಂಪನಿಯ ಮೊಸಳೆ ಗುರುತಿನ ಗುದ್ದಲಿಗಳು, ಬ್ರೇಡ್ಸ್ ಹೆಸರಿನವು ಇತ್ಯಾದಿ. ವಸಾಹತುಗಳ ತೋಟಗಳಿಗೆಂದೇ ಮಾಡಿದ ಸಾಮಾನು. ಕೊಡಗಿನ ತೋಟದ ನಂಟಿರುವ ಮನೆಗಳಿದ್ದರೆ ಅಲ್ಲಿ ಹುಡುಕಿ ನೋಡಬಹುದು. ಉಕ್ಕು ಒಳ್ಳೆಯದು, ಕಣ್ಣು ಗಟ್ಟಿ. ಆದರೆ ಗುರುತು ಸ್ಪಷ್ಟವಾಗಿ ಕಂಡರೆ ಮಾರುವವನು ಹತಾರದ ಬೆಲೆ ಬಿಟ್ಟು ಪುರಾತನ ವಸ್ತುವಿನ ಬೆಲೆ ಹೇಳುತ್ತಾನೆ. ಗೋಡೆಗೆ ಬೇಕಿದ್ದರೆ ಕೊಡಿ, ಮಣ್ಣಿಗೆ ಬೇಕಿದ್ದರೆ ಬೇಡ. ಮಣ್ಣಿಗೆ ಮೊಸಳೆ ಗುರುತು ತಿಳಿಯುವುದಿಲ್ಲ.

ಯಾವ ಬಗೆಯದಾದರೂ ಒಂದು ಅಳತೆ ಮುಖ್ಯ: ಕಾವು ಮತ್ತು ಅಲಗಿನ ನಡುವಿನ ಕೋನ. ಬಾಗಿ ನಿಂತು, ಗಿಡ್ಡ ಕಾವು ಹಿಡಿದು ಅಗೆಯುವ ನಮ್ಮ ಕಡೆಯ ರೂಢಿಗೆ ಹೆಚ್ಚುಕಡಿಮೆ ಲಂಬಕೋನ ಸರಿಹೋಗುತ್ತದೆ. ಬೆನ್ನು ನೋವಿನವರು ಉದ್ದ ಕಾವು ಹಾಕಿಸಿಕೊಂಡು ನೆಟ್ಟಗೆ ನಿಂತು ಕೆರೆಯಲು ಹೋದರೆ ಅದೇ ಗುದ್ದಲಿ ಮಣ್ಣಿನ ಮೇಲೆ ಕುಣಿಯುತ್ತದೆ, ಒಳಗಿಳಿಯುವುದಿಲ್ಲ. ನಿಂತು ಕೆರೆಯಬೇಕಾದರೆ ಅಲಗು ಕಾವಿನ ಕಡೆಗೆ ಹೆಚ್ಚು ಬಾಗಿರಬೇಕು. ಆಚಾರಿಯ ಹತ್ತಿರ ಕುತ್ತಿಗೆಯ ಭಾಗ ಕಾಯಿಸಿ ಬಗ್ಗಿಸಿಕೊಳ್ಳಬಹುದು. ಬಾಯಿಗೆ ಬೆಂಕಿ ತಾಗದಂತೆ ಒದ್ದೆ ಗೋಣಿ ಸುತ್ತಲು ಹೇಳಿ, ಇಲ್ಲದಿದ್ದರೆ ಹದವೂ ಹೋಗುತ್ತದೆ.

ಸನಿಕೆಯದು ಬೇರೆ ಮಾತು. ಅದು ಅಗಲ, ತೆಳು, ಮಣ್ಣು ಎಳೆಯಲು ಮತ್ತು ಕಬ್ಬಿನ ಗದ್ದೆಗೆ ನೀರು ಕಟ್ಟಲು. ವಿಶ್ವೇಶ್ವರಯ್ಯ ಕಾಲುವೆಯ ಬಯಲಿನಲ್ಲಿ ದಿನವಿಡೀ ಒದ್ದೆ ಮಣ್ಣಿನಲ್ಲಿ ದುಡಿದ ಹಳೆಯ ಸನಿಕೆ ನಡುವಿನಲ್ಲಿ ತುಕ್ಕು ತಿಂದು ತಗಡಿನಂತಾಗಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಸೂಜಿಮೊನೆಯ ತೂತುಗಳು ಕಂಡರೆ ಅದರ ಕಥೆ ಮುಗಿಯಿತು. ಸನಿಕೆ ಹೊಸದನ್ನೇ ಕೊಳ್ಳಿ. ಮೈಸೂರಿನ ಕೆಂಪು ಮಣ್ಣಿನ ಕೈತೋಟಕ್ಕೆ ಸನಿಕೆಗಿಂತ ಕಿರಿದಾದ ಗುದ್ದಲಿಯೇ ಹೆಚ್ಚು ಉಪಯೋಗ, ಏಕೆಂದರೆ ಮಳೆ ಇಲ್ಲದ ತಿಂಗಳುಗಳಲ್ಲಿ ಆ ಮಣ್ಣು ಕಲ್ಲಾಗುತ್ತದೆ, ಅಗಲ ಬಾಯಿ ಅದರೊಳಗೆ ಇಳಿಯುವುದಿಲ್ಲ. ಕಾಲಿನಿಂದ ಒತ್ತುವ ವಿಲಾಯತಿ ಸ್ಪೇಡ್ ಕೂಡ ಇದೇ ಕಾರಣಕ್ಕೆ ಇಲ್ಲಿ ಹೊಂದುವುದಿಲ್ಲ. ಬರಿಗಾಲಲ್ಲಂತೂ ಅದರ ಮೇಲೆ ನಿಲ್ಲಲೂ ಆಗುವುದಿಲ್ಲ.

ಹಾರೆ: ಯೋಚಿಸಬೇಡಿ, ಹಳೆಯದೇ ಇರಲಿ

ಹಾರೆಯಲ್ಲಿ ಕೆಡಲು ಏನೂ ಇಲ್ಲ. ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ. ಮೊನೆ ಮೊಂಡಾಗಿದ್ದರೆ ಕುಲುಮೆಯಲ್ಲಿ ಎಳೆಸಬಹುದು. ಸುತ್ತಿಗೆಯಿಂದ ಬಡಿದು ತಲೆ ಅಣಬೆಯಂತೆ ಅರಳಿದ್ದರೆ ಆ ಅಂಚನ್ನು ಮಾತ್ರ ಕಡ್ಡಾಯವಾಗಿ ಸಾಣೆ ಹಿಡಿಸಿ ತೆಗೆಸಿ, ಅಲ್ಲಿಂದ ಹಾರುವ ಚೂರು ಕಣ್ಣಿಗೆ ಅಪಾಯ. ತೆಂಗಿನ ಸಸಿಯ ಗುಂಡಿಗೆ, ಬೇಲಿ ಗೂಟಕ್ಕೆ, ನೆಲದಲ್ಲಿ ನೆಟ್ಟು ಕಾಯಿ ಸುಲಿಯಲು ಎಲ್ಲಕ್ಕೂ ಒಂದೇ. ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸ ಬೆಲೆಯೊಂದೇ. ಪಿಕಾಸಿಗೂ ಇದೇ ಮಾತು, ಕಣ್ಣು ಸೀಳಿರಬಾರದು ಅಷ್ಟೇ.

ಕುಡುಗೋಲು

1800ರಲ್ಲಿ ಶ್ರೀರಂಗಪಟ್ಟಣದ ಸುತ್ತ ಅಲೆದಾಡಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಇಲ್ಲಿನ ರೈತರ ಹತಾರಗಳನ್ನು ಬರೆದಿಟ್ಟಿದ್ದಾನೆ. ಕೈಯಲ್ಲಿ ಹಿಡಿಯುವ ಕುಡುಗೋಲಿನ ಬಾಗು ಅಂದಿನಿಂದ ಇಂದಿಗೆ ಹೆಚ್ಚೇನೂ ಬದಲಾಗಿಲ್ಲ. ಹಾಗೆಂದು ಹಳೆಯ ಕುಡುಗೋಲು ಕೊಳ್ಳಬೇಡಿ. ಗುದ್ದಲಿ ಸವೆದರೆ ಗಿಡ್ಡವಾಗುತ್ತದೆ, ಕುಡುಗೋಲು ಸವೆದರೆ ಅದರ ಬಾಗೇ ಬದಲಾಗುತ್ತದೆ. ನಡುಭಾಗವೇ ಹೆಚ್ಚು ದುಡಿಯುವುದರಿಂದ ಅಲ್ಲಿ ಕೊರೆದು ಹೋಗಿ, ತುದಿ ಮತ್ತು ಬುಡ ಉಬ್ಬಿ ನಿಂತು, ರಾಗಿ ತೆನೆಯಾಗಲಿ ಹುಲ್ಲಾಗಲಿ ಒಂದೇ ಎಳೆತಕ್ಕೆ ಬರುವುದಿಲ್ಲ. ಅದನ್ನು ಮತ್ತೆ ಬಾಗಿಸಿ, ಹಣಿಸಿ, ಹದ ಹಾಕಿಸುವ ಹೊತ್ತಿಗೆ ಅಲಗು ಕಡ್ಡಿಯಂತಾಗಿರುತ್ತದೆ.

ಹೊಸದರಲ್ಲಿ ಎರಡು ಆಯ್ಕೆ. ನುಣುಪು ಬಾಯಿಯದು ಮತ್ತು ಗರಗಸದಂತೆ ಹಲ್ಲಿರುವುದು. ಹಲ್ಲಿನದು ಭತ್ತದ ಕೊಯ್ಲಿಗೆ ಹಗುರ, ಮಸೆಯುವ ಕೆಲಸ ಕಡಿಮೆ, ಆದರೆ ಹಲ್ಲು ಸವೆದರೆ ಮತ್ತೆ ಕಡಿಸಬೇಕು, ಕಡಿಸುವವರು ಎಲ್ಲ ಕಡೆ ಸಿಗುವುದಿಲ್ಲ. ನುಣುಪಿನದನ್ನು ಮನೆಯ ಮುಂದಿನ ಕಲ್ಲಿನ ಮೇಲೆಯೇ ಮಸೆಯಬಹುದು, ಬೇಲಿಯ ಬಳ್ಳಿ, ಹಸುವಿನ ಹುಲ್ಲು, ಬಾಳೆ ಎಲೆ ಎಲ್ಲಕ್ಕೂ ಬರುತ್ತದೆ. ಒಂದೇ ಕೊಳ್ಳುವವರು ನುಣುಪಿನದನ್ನು ಕೊಳ್ಳಿ. ಸಂತೆಯಲ್ಲಿ ಆಚಾರಿಗಳೇ ತಂದು ಹರಡಿಕೊಂಡು ಕೂತಿದ್ದರೆ ಅಲ್ಲಿ ತೆಗೆದುಕೊಳ್ಳಿ. ಎಡಗೈಯವರಾಗಿದ್ದರೆ ಹೇಳಿ ಮಾಡಿಸಿಕೊಳ್ಳಬಹುದು, ಅಂಗಡಿಯಲ್ಲಿ ಅದು ಸಾಧ್ಯವಿಲ್ಲ.

ಮಚ್ಚು: ಇಲ್ಲಿ ಎಚ್ಚರ

ಮಚ್ಚು ಎಂದು ಕೇಳಿದರೆ ಮಂಡ್ಯದಲ್ಲಿ ಮರುಪ್ರಶ್ನೆ ಬರುತ್ತದೆ: ಎಳನೀರಿಗೋ, ಕಬ್ಬಿಗೋ, ಸೌದೆಗೋ? ಮೂರೂ ಬೇರೆ. ಮದ್ದೂರಿನ ಎಳನೀರು ಮಾರುವವರ ಕೈಯಲ್ಲಿರುವುದು ತೆಳು ಬಾಯಿಯದು, ಹಸಿ ನಾರನ್ನು ಸೀಳಿ ಹೋಗಬೇಕು. ಅದನ್ನು ಒಣ ಸೌದೆಗೆ ಬೀಸಿದರೆ ಬಾಯಿ ಮುಕ್ಕಾಗುತ್ತದೆ. ಸೌದೆಯ ಮಚ್ಚು ಬೆನ್ನು ದಪ್ಪ, ಬಾಯಿಯ ಇಳಿಜಾರು ಕಡಿದು. ಅದರಲ್ಲಿ ಎಳನೀರು ಕೆತ್ತಿದರೆ ಸಿಪ್ಪೆ ಜಜ್ಜಿಹೋಗುತ್ತದೆ. ಕಬ್ಬಿನದು ಇವೆರಡರ ನಡುವೆ, ಬುಡಕ್ಕೆ ಬೀಸಿ ಒಂದೇ ಪೆಟ್ಟಿಗೆ ಕಡಿದು, ಅದೇ ಕೈಯಲ್ಲಿ ಗರಿ ಸವರುವಷ್ಟು ಹಗುರವಾಗಿರಬೇಕು.

ಹಳೆಯ ಮಚ್ಚಿನ ತೊಂದರೆ ಎಂದರೆ ಅದು ಮೊದಲು ಯಾವ ಕೆಲಸದ್ದಾಗಿತ್ತು ಎಂಬುದು ಅದರ ಮುಖದಲ್ಲಿ ಬರೆದಿರುವುದಿಲ್ಲ. ಸೌದೆಯ ಮಚ್ಚು ಸವೆದು ಸವೆದು ಕಬ್ಬಿನದರಂತೆ ಕಾಣಬಹುದು. ಬೆನ್ನಿನ ದಪ್ಪ ನೋಡಿ ಹಳೆಯ ಕೆಲಸ ಗುರುತಿಸಿ, ಬಾಯಿಗೆ ಅರ ಹಾಕಿ, ಹಿಡಿಯೊಳಗೆ ಹೋಗಿರುವ ಬಾಲವನ್ನು ಅಲ್ಲಾಡಿಸಿ ನೋಡಿ. ಬಾಲ ಹಿಡಿಯೊಳಗೇ ತುಕ್ಕು ತಿಂದು, ಒಂದು ದಿನ ಬೀಸಿದಾಗ ಅಲಗು ಕೈಬಿಟ್ಟು ಹಾರಿಹೋಗುವುದು ಕಲ್ಪನೆಯಲ್ಲ. ಹಳೆಯ ಮಚ್ಚು ಕೊಂಡರೆ ಹಿಡಿ ಎಷ್ಟೇ ಚೆನ್ನಾಗಿದ್ದರೂ ಒಡೆದು ತೆಗೆದು ಹೊಸದು ಹಾಕಿಸಿ. ಈ ಖರ್ಚು ಸೇರಿಸಿ ನೋಡಿದರೆ, ನೆನಪಿಗಾಗಿ ಇಟ್ಟುಕೊಂಡ ಮನೆಯ ಮಚ್ಚಿಗೆ ಇದು ಸರಿ, ಕೊಂಡು ತಂದದ್ದಕ್ಕೆ ಅಷ್ಟಾಗಿ ಗಿಟ್ಟುವುದಿಲ್ಲ. ಕೊಡಲಿ ಸ್ವಲ್ಪ ಮೇಲು, ಅದರಲ್ಲಿ ಉಕ್ಕೂ ದಪ್ಪ, ಕಣ್ಣೂ ತೆರೆದೇ ಇರುತ್ತದೆ, ನೋಡಿ ಕೊಳ್ಳಬಹುದು.

ತುಕ್ಕು, ಕಾವು, ಹದ

ತುಕ್ಕು ತೆಗೆಯಲು ಹುಣಸೆಹಣ್ಣಿನ ನೀರು ಅಥವಾ ವಿನೆಗರ್, ಒಂದು ರಾತ್ರಿ ನೆನೆಹಾಕಿ ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಬಳಿಕ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸಿ, ಇಲ್ಲದಿದ್ದರೆ ಮರುದಿನಕ್ಕೆ ಕಿತ್ತಳೆ ಬಣ್ಣ ಮತ್ತೆ ಬರುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಕಪ್ಪು ಪದರವನ್ನು ಕೆರೆದು ತೆಗೆಯುವ ಚಪಲ ಬೇಡ, ಅದು ತುಕ್ಕನ್ನು ತಡೆಯುತ್ತದೆ, ನೋಟಕ್ಕೂ ಚೆಂದ.

ಹೆಚ್ಚಿನ ಹಳೆಯ ಹತಾರಗಳು ಕೆಡುವುದು ಮನೆಗೆ ಬಂದ ಮೇಲೆ, ಗ್ರೈಂಡರ್‌ನ ಕೈಗೆ ಸಿಕ್ಕಾಗ. ವೆಲ್ಡಿಂಗ್ ಅಂಗಡಿಯ ಹುಡುಗ ಎರಡೇ ನಿಮಿಷದಲ್ಲಿ ಬಾಯಿಯನ್ನು ಫಳಫಳ ಹೊಳೆಯಿಸಿ ಕೊಡುತ್ತಾನೆ. ಆ ಹೊಳಪಿನ ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ ಶಾಖ 300 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರಿ ಹದ ಇಳಿದಿದೆ ಎಂದರ್ಥ. ಅಗೆಯುವ ಸಲಕರಣೆಗೆ ಅಷ್ಟು ಇಳಿದರೂ ನಡೆದೀತು, ಕತ್ತರಿಸುವುದಕ್ಕೆ ಆಗದು. ಅರದಲ್ಲೇ ನಿಧಾನವಾಗಿ ತೀಡಿ. ಗ್ರೈಂಡರ್ ಅನಿವಾರ್ಯವಾದರೆ ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು, ಬೆರಳಿಗೆ ಬಿಸಿ ತಾಕುವ ಮೊದಲೇ ಅದ್ದುತ್ತಿರಬೇಕು.

ಕಾವಿಗೆ ತಡಸಲು ಸಿಕ್ಕರೆ ಬೇರೆ ಮರ ಕೇಳಬೇಡಿ. ಬಾಗಿ ಮರಳುವ ಗುಣವಿದೆ, ಪೆಟ್ಟು ಕೈಗೆ ಹೊಡೆಯುವುದಿಲ್ಲ. ದಿಂಡಿಗ ಇನ್ನೂ ಗಟ್ಟಿ, ತೂಕವೂ ಹೆಚ್ಚು, ಕೊಡಲಿಗೆ ಹೇಳಿ ಮಾಡಿಸಿದ್ದು. ಬಯಲುಸೀಮೆಯಲ್ಲಿ ಸುಲಭವಾಗಿ ಸಿಗುವುದು ಜಾಲಿ, ಅದೂ ಸಾಲುತ್ತದೆ, ಒಣಗಿದ ಮೇಲೆ ಹಾಕಿದರೆ. ಹಸಿ ಕಾವು ಬೇಸಿಗೆಯಲ್ಲಿ ಕುಗ್ಗಿ ಅಲಗು ಕಳಚುತ್ತದೆ, ಆಗ ಎಲ್ಲರೂ ಮಾಡುವುದು ರಾತ್ರಿ ನೀರಿನಲ್ಲಿ ನೆನೆಹಾಕುವುದು. ಎರಡು ದಿನ ಬಿಗಿಯಾಗಿರುತ್ತದೆ, ಮೂರನೆಯ ದಿನ ಮತ್ತೆ ಅದೇ ಗೋಳು. ಒಣಗಿದ ಬೆಣೆ ಹೊಡೆಯುವುದೇ ಪರಿಹಾರ. ಕಾವಿಗೆ ಅಗಸೆ ಎಣ್ಣೆ ಸವರಿದರೆ ಒಳ್ಳೆಯದು, ಆದರೆ ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ನೇತುಹಾಕಿ ಒಣಗಿಸಿ.

ಎಲ್ಲಿ ಹುಡುಕುವುದು

ಮನೆಯ ಅಟ್ಟ ಮೊದಲು. ಆಮೇಲೆ ಗುಜರಿ ಅಂಗಡಿ, ಅಲ್ಲಿ ಬೆಲೆ ತೂಕಕ್ಕೆ, ಚೌಕಾಸಿಗೂ ಎಡೆಯಿದೆ. ಅಲಂಕಾರದ ಹಳೆಯ ವಸ್ತುಗಳ ಅಂಗಡಿಗೆ ಕೊನೆಗೆ ಹೋಗಿ, ಅಲ್ಲಿ ಎಣ್ಣೆ ಹಚ್ಚಿ ದೀಪದ ಕೆಳಗಿಟ್ಟ ಗುದ್ದಲಿಗೆ ಹೇಳುವ ಬೆಲೆ ಕೇಳಿದರೆ ಅಗೆಯುವ ಆಸೆಯೇ ಹೋಗುತ್ತದೆ. ಚುಂಚನಕಟ್ಟೆ, ಹೇಮಗಿರಿ, ಮುಡುಕುತೊರೆಯ ದನಗಳ ಜಾತ್ರೆಗಳಿಗೆ ಹೋದರೆ ಹಗ್ಗ, ಮೂಗುದಾರ, ಗಂಟೆಗಳ ಜೊತೆ ಹತಾರವೂ ಕಣ್ಣಿಗೆ ಬೀಳಬಹುದು. ಕೊಳ್ಳುವ ಮೊದಲು ಸವೆಯದ ಹತಾರದ ಪೂರ್ತಿ ಆಕಾರ ಹೇಗಿತ್ತು ಎಂದು ತಿಳಿಯಬೇಕಿದ್ದರೆ ಬೆಂಗಳೂರು ದಾರಿಯಲ್ಲಿ ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇಳಿದು ನೋಡಿ. ಒಮ್ಮೆ ಕಣ್ಣು ಪಳಗಿದರೆ ಗುಜರಿಯ ರಾಶಿಯಲ್ಲಿ ಅರ್ಧ ಸವೆದದ್ದು ಯಾವುದು ಎಂದು ದೂರದಿಂದಲೇ ಗೊತ್ತಾಗುತ್ತದೆ.

ಉಳಿದದ್ದು ಮರದ ಸಾಮಾನು. ಕೂರಿಗೆಯ ಬಟ್ಟಲು, ನೊಗ, ಹಲುಬೆ, ಎತ್ತಿನಿಂದ ನೀರೆತ್ತುವ ಕಪಿಲೆ ಬಾವಿಯ ಗಾಲಿ. ಎತ್ತಿಲ್ಲದ ಮನೆಯಲ್ಲಿ ಇವುಗಳಿಗೆ ಕೆಲಸವಿಲ್ಲ, ಆದ್ದರಿಂದ ಇಲ್ಲಿ ಹೋಲಿಕೆಯೂ ಇಲ್ಲ. ಚೆಂದ ಕಂಡರೆ ಕೊಳ್ಳಿ, ಗೆದ್ದಲು ಇದೆಯೇ ಎಂದು ತಟ್ಟಿ ನೋಡಿ, ಮಳೆಗೆ ಬಿಡಬೇಡಿ. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಕಳಿಸುವ ಯೋಚನೆ ಇದ್ದರೆ ಮಾತ್ರ ಒಂದು ವಿಷಯ ತಿಳಿದಿರಲಿ: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂತಹ ವಸ್ತು ಪುರಾತನ ವಸ್ತುವೆಂದು ಪರಿಗಣಿತವಾಗಬಹುದು, ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದ ನಂತರವೇ ಪೆಟ್ಟಿಗೆ ಕಟ್ಟಿ.